ಆಲ್ಪ್ಸ್ ಸೀಮೆಯಲ್ಲಿ ಮಧುಚಂದ್ರ

ಮಧುಚಂದ್ರ ಎಂಬ ಮಾತು ನಮ್ಮ ಭಾಷೆಗೆ ತೀರ ಹಳೆಯದಲ್ಲ. ಇಂಗ್ಲಿಷಿನ ಶಬ್ದವೊಂದನ್ನು ಎರಡಾಗಿ ಬಿಡಿಸಿ, ಒಂದೊಂದು ತುಂಡಿಗೂ ಸಂಸ್ಕೃತದ ಬಟ್ಟೆ ತೊಡಿಸಿ ನಾವು ಮಾಡಿಕೊಂಡ ಮಾತು ಅದು. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷರು ಆ ಶಬ್ದವನ್ನು ಬಳಸತೊಡಗಿದಾಗ ಅದರಲ್ಲಿ ಸ್ವಲ್ಪ ಕುಚೋದ್ಯವೂ ಬೆರೆತಿತ್ತು. ಹೊಸ ದಂಪತಿಗಳ ಪ್ರೀತಿ ಜೇನಿನಂತೆ ಸಿಹಿಯಾದದ್ದು, ನಿಜ. ಆದರೆ ಹುಣ್ಣಿಮೆಯ ಚಂದ್ರನಂತೆ ಅದು ತುಂಬಿದ ಮರುದಿನದಿಂದಲೇ ಕ್ಷಯಿಸತೊಡಗುತ್ತದೆ ಎಂಬುದು ಆ ಕಾಲದವರ ವ್ಯಾಖ್ಯಾನ. ಪ್ರವಾಸ ಎಂಬ ಅರ್ಥ ಆ ಶಬ್ದಕ್ಕೆ ಕೂಡಿಕೊಂಡದ್ದು ಬಹುಕಾಲದ ಮೇಲೆ.

ನಮ್ಮ ಮನೆಗಳಲ್ಲಿ ಮದುವೆಯ ಮುಹೂರ್ತವನ್ನು ಜೋಯಿಸರು ಇಡುತ್ತಾರೆ. ಛತ್ರವನ್ನು ಹೆಣ್ಣಿನ ತಂದೆ ಗೊತ್ತುಮಾಡುತ್ತಾರೆ. ಅಡುಗೆಯ ಪಟ್ಟಿಯಲ್ಲಿ ಸೋದರಮಾವನ ಮಾತು ನಡೆಯುತ್ತದೆ. ಸೀರೆಯ ಅಂಗಡಿಯಲ್ಲಿ ಅತ್ತೆ, ಅತ್ತಿಗೆ, ಚಿಕ್ಕಮ್ಮಂದಿರ ಮಾತು ನಡೆಯುತ್ತದೆ. ಇಷ್ಟೆಲ್ಲ ಆದ ಮೇಲೆ ವಧೂವರರ ಪಾಲಿಗೆ ಪೂರ್ತಿಯಾಗಿ ಉಳಿಯುವ ಸಂಗತಿ ಬಹುಶಃ ಒಂದೇ: ಮದುವೆಯಾದ ಮೇಲೆ ಇಬ್ಬರೂ ಎಲ್ಲಿಗೆ ಹೋಗಿಬರಬೇಕು ಎಂಬುದು. ಆದ್ದರಿಂದ ಮಧುಚಂದ್ರದ ಪ್ರವಾಸವನ್ನು ನಾನು ಬರಿಯ ವಿಹಾರವೆಂದು ಎಣಿಸುವುದಿಲ್ಲ. ಅದು ಇಬ್ಬರೂ ಸೇರಿ ಮಾಡುವ ಮೊದಲನೆಯ ನಿರ್ಧಾರ. ಹಣವೆಷ್ಟು, ದಿನಗಳೆಷ್ಟು, ಯಾರ ಇಷ್ಟ ಮುಂದು, ಯಾರ ಆಯಾಸಕ್ಕೆ ಎಷ್ಟು ಬೆಲೆ ಎಂದು ಮುಂದಿನ ನಲವತ್ತು ವರ್ಷಗಳ ಸಂಸಾರದಲ್ಲಿ ಏಳಬೇಕಾದ ಪ್ರಶ್ನೆಗಳೆಲ್ಲ ಚಿಕ್ಕ ರೂಪದಲ್ಲಿ ಇಲ್ಲಿಯೇ ತಲೆಹಾಕುತ್ತವೆ. ಇಂದು ಅನೇಕ ತರುಣ ದಂಪತಿಗಳ ಮನಸ್ಸಿನಲ್ಲಿರುವ ಆಲ್ಪ್ಸ್ ಪರ್ವತಗಳ ಪ್ರವಾಸವನ್ನು ಹೇಗೆ ಯೋಜಿಸಬಹುದೆಂಬುದನ್ನು ಈ ದೃಷ್ಟಿಯಿಂದ ನಿಮ್ಮ ಮುಂದಿಡುತ್ತೇನೆ.

ಮೊದಲು, ಆಲ್ಪ್ಸ್ ಏಕೆ ಎಂಬ ಪ್ರಶ್ನೆ. ಈ ಪರ್ವತಗಳು ಸದಾ ಪ್ರಣಯದ ತಾಣಗಳಾಗಿರಲಿಲ್ಲ. ಸ್ವಿಟ್ಜರ್‌ಲೆಂಡಿನ ಲೂಸರ್ನ್ ನಗರದ ಪಕ್ಕದಲ್ಲಿಯೇ ಪಿಲಾಟುಸ್ ಎಂಬ ಬೆಟ್ಟವಿದೆ. ಏಸುವಿಗೆ ಶಿಲುಬೆಯ ಶಿಕ್ಷೆ ವಿಧಿಸಿದ ಪಿಲಾತನ ಪ್ರೇತ ಅಲ್ಲಿಯ ಕೊಳದಲ್ಲಿದೆ, ಅದನ್ನು ಕೆಣಕಿದರೆ ಬಿರುಗಾಳಿ ಏಳುತ್ತದೆ ಎಂದು ಜನ ನಂಬಿದ್ದರು. 1387ರಲ್ಲಿ ಆ ಬೆಟ್ಟ ಹತ್ತಲು ಹೊರಟ ಆರು ಮಂದಿ ಪಾದ್ರಿಗಳನ್ನು ಲೂಸರ್ನ್‌ನವರು ಸೆರೆಮನೆಗೆ ಹಾಕಿದರು. ಅದೇ ಬೆಟ್ಟಕ್ಕೆ 1889ರಲ್ಲಿ ಹಲ್ಲುಗಾಲಿಯ ರೈಲು ಬಂತು. ಆ ಬಗೆಯ ರೈಲುಗಳಲ್ಲಿ ಜಗತ್ತಿನ ಅತ್ಯಂತ ಕಡಿದಾದ ಹಾದಿ ಅದರದು. ಈ ಎರಡು ವರ್ಷಗಳ ನಡುವೆ ಯುರೋಪಿನ ಮನಸ್ಸು ಬದಲಾಗಿತ್ತು. ರೂಸೋ 1761ರಲ್ಲಿ ಪ್ರಕಟಿಸಿದ ‘ಜೂಲಿ’ ಎಂಬ ಕಾದಂಬರಿ ಜಿನೀವಾ ಸರೋವರದ ದಂಡೆಯ ಇಬ್ಬರು ಪ್ರೇಮಿಗಳ ಕಥೆ. ಅದನ್ನು ಓದಿದವರು ಆ ದಂಡೆಯನ್ನು ಹುಡುಕಿಕೊಂಡು ಹೊರಟರು. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ಸ್ವಿಟ್ಜರ್‌ಲೆಂಡಿಗೆ ತನ್ನ ಮೊದಲ ತಂಡವನ್ನು ಕರೆದೊಯ್ದ. ಕವಿಗಳು ತೋರಿಸಿದ್ದನ್ನು ರೈಲು ಮುಟ್ಟಿಸಿತು.

ನಮ್ಮವರಿಗೆ ಅದನ್ನು ತೋರಿಸಿದ್ದು ಚಲನಚಿತ್ರ. 1964ರಲ್ಲಿ ರಾಜ್ ಕಪೂರ್ ಅವರ ‘ಸಂಗಮ್’ ಚಿತ್ರ ನವದಂಪತಿಗಳ ಯುರೋಪ್ ಪ್ರವಾಸವನ್ನು ಬಣ್ಣದಲ್ಲಿ ನಮ್ಮ ಊರುಗಳ ತೆರೆಯ ಮೇಲೆ ತಂದಿತು. ಅನಂತರ ಯಶ್ ಚೋಪ್ರಾ ಅವರು ಒಂದರ ಮೇಲೊಂದು ಚಿತ್ರದಲ್ಲಿ ಸ್ವಿಸ್ ಹುಲ್ಲುಗಾವಲುಗಳನ್ನು ತೋರಿಸಿದರು. ಇಂಟರ್‌ಲಾಕೆನ್ ಊರಿನಲ್ಲಿ 2016ರಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಂದಮೇಲೆ ನಮ್ಮ ದಂಪತಿಗಳ ಆಲ್ಪ್ಸ್ ಕನಸು ಎರವಲು ಬಂದದ್ದು. ಎರವಲು ಎಂದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ಆದರೆ ತೆರೆಯ ಮೇಲಿನ ಜೋಡಿಗೆ ಚಳಿಯಾಗುವುದಿಲ್ಲ, ಕಾಲು ನೋಯುವುದಿಲ್ಲ, ಒಂದು ಚರಣದಿಂದ ಇನ್ನೊಂದು ಚರಣಕ್ಕೆ ಹೋಗುವಷ್ಟರಲ್ಲಿ ಬೆಟ್ಟ ಬದಲಾಗುತ್ತದೆ. ನಮಗೆ ಹಾಗಲ್ಲ. ಎರವಲು ತಂದ ಕನಸನ್ನು ನಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳಬೇಕು.

ಅಳತೆಯ ಮಾತು ಬಂದದ್ದರಿಂದ ಭೂಪಟವನ್ನು ನೋಡೋಣ. ಆಲ್ಪ್ಸ್ ಎಂಬುದು ಒಂದು ಬೆಟ್ಟವಲ್ಲ. ಫ್ರಾನ್ಸಿನ ಸಮುದ್ರತೀರದಿಂದ ಸ್ಲೊವೇನಿಯಾದವರೆಗೆ ಸುಮಾರು 1,200 ಕಿಲೋಮೀಟರ್ ಬಾಗಿ ನಿಂತ ಶ್ರೇಣಿ ಅದು. ಪುಟ್ಟ ಮೊನಾಕೊ, ಲಿಕ್ಟೆನ್‌ಸ್ಟೈನ್‌ಗಳನ್ನೂ ಸೇರಿಸಿ ಎಂಟು ದೇಶಗಳಿಗೆ ಅದರಲ್ಲಿ ಪಾಲಿದೆ. ಇನ್ನೊಂದು ಸ್ವಾರಸ್ಯವಿದೆ. ಅಲ್ಲಿಯ ಹಳ್ಳಿಗರ ಮಾತಿನಲ್ಲಿ ‘ಆಲ್ಪ್’ ಎಂದರೆ ಶಿಖರವಲ್ಲ. ಬೇಸಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲು. ನಾವು ದೂರದಿಂದ ನೋಡಿ ತಲೆಯೆತ್ತುವ ಜಾಗಕ್ಕಲ್ಲ, ಅವರು ಹಾಲು ಕರೆದು ಗಿಣ್ಣು ಮಾಡುವ ಜಾಗಕ್ಕೆ ಆ ಹೆಸರು. ನೋಡುವ ಬೆಟ್ಟಕ್ಕಿಂತ ಇರುವ ಬೆಟ್ಟ ಮುಖ್ಯ ಎಂಬ ಈ ವಿವೇಕ ಪ್ರವಾಸಿಗರಿಗೂ ಒದಗಿದರೆ ಒಳ್ಳೆಯದು.

ಏಕೆಂದರೆ ಇಂದು ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ಹತ್ತು ದಿನಗಳಲ್ಲಿ ಆರೇಳು ದೇಶಗಳನ್ನು ತೋರಿಸುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಬೆಳಗ್ಗೆ ಏಳಕ್ಕೆ ಪೆಟ್ಟಿಗೆ ಕಟ್ಟಬೇಕು, ಬಸ್ಸಿನಲ್ಲಿ ಐದು ಗಂಟೆ ಕೂತಿರಬೇಕು, ಇಳಿದು ಅರ್ಧ ಗಂಟೆಯೊಳಗೆ ಚಿತ್ರ ತೆಗೆದುಕೊಂಡು ಹತ್ತಬೇಕು. ಹೊಸದಾಗಿ ಮದುವೆಯಾದವರು ಈ ಬಸ್ಸಿನಲ್ಲಿ ನಲವತ್ತು ಮಂದಿ ಅಪರಿಚಿತರ ನಡುವೆ ಕುಳಿತು, ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿದ್ದೆಮಾಡುತ್ತಾರೆ. ನಿದ್ದೆ ಮನೆಯಲ್ಲಿಯೂ ಸಿಗುತ್ತಿತ್ತು.

ನನ್ನ ಸೂಚನೆ ಸರಳವಾದದ್ದು. ಹತ್ತು ರಾತ್ರಿಗಳಿದ್ದರೆ ಮೂರೇ ನೆಲೆಗಳು ಸಾಕು: ಪರ್ವತಗಳ ಉತ್ತರಕ್ಕೆ ಒಂದು ಸರೋವರ, ನಡುವೆ ಒಂದು ಎತ್ತರದ ಕಣಿವೆ, ದಕ್ಷಿಣಕ್ಕೆ ಇನ್ನೊಂದು ಸರೋವರ. ಜೂರಿಕ್‌ನಲ್ಲಿ ವಿಮಾನ ಇಳಿದು ಲೂಸರ್ನ್‌ನಲ್ಲಿ ಮೂರು ರಾತ್ರಿ, ಎಂಗಡೀನ್ ಕಣಿವೆಯ ಪೊಂಟ್ರೆಸಿನಾದಲ್ಲಿ ನಾಲ್ಕು ರಾತ್ರಿ, ಇಟಲಿಯ ಕೊಮೊ ಸರೋವರದ ವರೆನ್ನದಲ್ಲಿ ಮೂರು ರಾತ್ರಿ. ಅಲ್ಲಿಂದ ಸುಮಾರು ಒಂದು ಗಂಟೆಯ ರೈಲು ಪ್ರಯಾಣದಲ್ಲಿ ಮಿಲಾನ್ ತಲುಪಿ ಊರಿನ ವಿಮಾನ ಹಿಡಿಯುವುದು. ಹೋದ ದಾರಿಯಲ್ಲಿ ಹಿಂದಿರುಗುವ ಕೆಲಸವಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಕಟ್ಟುವುದು ಮೂರೇ ಸಲ.

ಹೊರಡುವ ಕಾಲ ಯಾವುದು? ಇಲ್ಲಿ ಒಂದು ತೊಡಕಿದೆ. ನಮ್ಮ ಮದುವೆಗಳು ಹೆಚ್ಚಾಗಿ ನಡೆಯುವುದು ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಆಲ್ಪ್ಸ್‌ನ ಎತ್ತರದ ಕಾಲುದಾರಿಗಳ ಮೇಲೆ ಇನ್ನೂ ಹಿಮವಿರುತ್ತದೆ. ಚಳಿಗಾಲದ ಸ್ಕೀ ಆಟಗಾರರು ಹೊರಟುಹೋಗಿರುತ್ತಾರೆ; ತಂತಿಹಾದಿಯ ತೊಟ್ಟಿಲುಗಳಲ್ಲಿ ಅನೇಕವನ್ನು ವಾರ್ಷಿಕ ದುರಸ್ತಿಗೆಂದು ನಿಲ್ಲಿಸಿರುತ್ತಾರೆ; ಬೆಟ್ಟದ ಊರುಗಳ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಬೆಟ್ಟ ಬಾಗಿಲು ತೆರೆಯುವುದು ಜೂನ್ ಮಧ್ಯದ ಹೊತ್ತಿಗೆ. ದನಗಳು ಕೊರಳ ಗಂಟೆ ಕುಣಿಸುತ್ತ ಮೇಲಕ್ಕೆ ಏರುವುದು ಆಗಲೇ. ಹುಲ್ಲುಗಾವಲಿನಲ್ಲಿ ಹೂವು ತುಂಬುವುದು ಜುಲೈಯಲ್ಲಿ. ಜುಲೈ ಎಂದರೆ ನಮ್ಮಲ್ಲಿ ಆಷಾಢ. ಹೊಸ ಸೊಸೆ ತವರಿಗೆ ಹೋಗುವ ತಿಂಗಳು, ಗಂಡ ಹೆಂಡಿರು ಅಗಲಿರಬೇಕಾದ ತಿಂಗಳು. ಕಾಳಿದಾಸನ ಯಕ್ಷ ಮೋಡವನ್ನು ಕಂಡು ಹೆಂಡತಿಯನ್ನು ನೆನೆದು ಕೊರಗಿದ್ದೂ ಆಷಾಢದಲ್ಲಿಯೇ.

ಆಷಾಢವನ್ನು ಮೀರಬೇಕೆ, ಪಾಲಿಸಬೇಕೆ ಎಂಬುದನ್ನು ಆಯಾ ಮನೆಯವರು ತೀರ್ಮಾನಿಸಲಿ. ಆದರೆ ಮದುವೆಯ ಮರುವಾರವೇ ಹೊರಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮದುವೆಯ ಗಲಾಟೆಯಲ್ಲಿ ದಣಿದ ದೇಹಗಳನ್ನು ಮೂರನೆಯ ದಿನವೇ ವಿಮಾನಕ್ಕೆ ಏರಿಸುವುದಕ್ಕಿಂತ, ಎರಡು ತಿಂಗಳು ಒಂದೇ ಮನೆಯಲ್ಲಿದ್ದು, ಒಬ್ಬರಿಗೊಬ್ಬರು ಸ್ವಲ್ಪ ಪರಿಚಿತರಾಗಿ, ಆಗಸ್ಟ್ ಕೊನೆಯಲ್ಲಿಯೋ ಸೆಪ್ಟೆಂಬರಿನಲ್ಲಿಯೋ ಹೊರಡುವುದು ಎಷ್ಟೋ ಮೇಲು. ಆಗಸ್ಟ್ 15ರ ಸುತ್ತಮುತ್ತ ಇಟಲಿಯವರೆಲ್ಲ ರಜೆಯ ಮೇಲೆ ಸರೋವರಗಳಿಗೆ ಬಂದು ಸೇರುತ್ತಾರೆ; ಆ ವಾರವನ್ನು ಬಿಡಬೇಕು. ಸೆಪ್ಟೆಂಬರಿನಲ್ಲಿ ಸಂದಣಿ ಕಡಿಮೆ, ಸರೋವರದ ನೀರಿನಲ್ಲಿ ಬೇಸಗೆಯ ಬಿಸುಪು ಇನ್ನೂ ಉಳಿದಿರುತ್ತದೆ, ದನಗಳು ಕೊಂಬಿಗೆ ಹೂ ಮುಡಿದು ಹಳ್ಳಿಗೆ ಇಳಿಯುವುದೂ ಆ ದಿನಗಳಲ್ಲಿಯೇ. ಈ ಏರಿಳಿತದ ಪದ್ಧತಿಯನ್ನು ಯುನೆಸ್ಕೊ 2023ರಲ್ಲಿ ಮಾನವ ಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇನ್ನು ಮೊದಲನೆಯ ನೆಲೆಗೆ ಹೋಗೋಣ. ಲೂಸರ್ನ್ ಸರೋವರದ ಎತ್ತರ 434 ಮೀಟರ್. ಬೆಟ್ಟಗಳ ನಡುವೆ ಕೈಕಾಲು ಚಾಚಿದಂತೆ ಅದು ಹಬ್ಬಿದೆ. ದೋಣಿ ತಿರುಗಿದಂತೆಲ್ಲ ಹೊಸ ಕವಲು ತೆರೆದುಕೊಳ್ಳುತ್ತದೆ. ಅದರ ಮೇಲೆ ಐದು ಹಳೆಯ ಉಗಿಹಡಗುಗಳು ಇಂದಿಗೂ ಓಡಾಡುತ್ತವೆ. ಅವುಗಳಲ್ಲಿ ಹಿರಿಯದಾದ ‘ಊರಿ’ ನೀರಿಗಿಳಿದದ್ದು 1901ರಲ್ಲಿ. ಅದರ ಯಂತ್ರದ ಹಿತ್ತಾಳೆ ಉಕ್ಕುಗಳು ಕಣ್ಣೆದುರಿಗೇ ತಿರುಗುವುದನ್ನು ಹಡಗಿನ ನಡುವೆ ನಿಂತು ನೋಡಬಹುದು. ವಿಟ್ಸ್‌ನೌ ಎಂಬಲ್ಲಿ ಇಳಿದರೆ 1871ರಲ್ಲಿ ಪ್ರಾರಂಭವಾದ, ಯುರೋಪಿನ ಮೊದಲ ಹಲ್ಲುಗಾಲಿ ಬೆಟ್ಟದ ರೈಲು ರಿಗಿ ಪರ್ವತಕ್ಕೆ ಕರೆದೊಯ್ಯುತ್ತದೆ.

ರಿಗಿಯ ಸೂರ್ಯೋದಯ ಹೆಸರಾದದ್ದು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರ ತನ್ನ ಪ್ರವಾಸ ಕಥನದಲ್ಲಿ ಈ ಬಗ್ಗೆ ಒಂದು ತಮಾಷೆಯ ಪ್ರಸಂಗ ಬರೆದಿದ್ದಾನೆ. ಸೂರ್ಯೋದಯವನ್ನು ನೋಡಲೆಂದು ಕಷ್ಟಪಟ್ಟು ಮೇಲೇರಿದ ಆತ ಮತ್ತು ಅವನ ಗೆಳೆಯ ದಣಿವಿನಿಂದ ಹಗಲೆಲ್ಲ ಮಲಗಿಬಿಡುತ್ತಾರೆ. ಎಚ್ಚರವಾದೊಡನೆ ಕಂಬಳಿ ಹೊದ್ದು ಓಡಿ ಹೊರಗೆ ನಿಲ್ಲುತ್ತಾರೆ. ಸೂರ್ಯ ಮೇಲೇರುವ ಬದಲು ಕೆಳಗೆ ಇಳಿಯುತ್ತಿರುವುದು ಅವರಿಗೆ ಗೊತ್ತಾಗುವುದು ತಡವಾಗಿ. ಅವರು ನೋಡುತ್ತಿದ್ದದ್ದು ಸೂರ್ಯಾಸ್ತವನ್ನು! ಯೋಜಿಸಿದ್ದು ಒಂದು, ದೊರೆತದ್ದು ಇನ್ನೊಂದು. ಆದರೂ ಅದು ಇಂದಿಗೂ ನಗು ತರಿಸುವ ಪ್ರಸಂಗವಾಯಿತು. ಬೆಟ್ಟಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಇಂಥ ದಿನ ಇಂಥ ಶಿಖರ ಎಂದು ಊರಿನಲ್ಲಿ ಕುಳಿತು ಗೊತ್ತುಮಾಡುವುದು ವ್ಯರ್ಥ. ಮೂರು ದಿನಗಳಿದ್ದರೆ ಆಕಾಶ ತಿಳಿಯಾಗಿರುವ ದಿನ ಮೇಲೆ, ಮೋಡ ಕವಿದ ದಿನ ಕೆಳಗೆ. ಶಿಖರಗಳ ಮೇಲೆ ಇಟ್ಟಿರುವ ಕ್ಯಾಮೆರಾಗಳ ದೃಶ್ಯವನ್ನು ಬೆಳಗಿನ ಕಾಫಿಯ ಹೊತ್ತಿಗೆ ಟೆಲಿವಿಷನ್ನಿನಲ್ಲಿಯೋ ಕೈಯಲ್ಲಿರುವ ದೂರವಾಣಿಯಲ್ಲಿಯೋ ನೋಡಬಹುದು. ಮೇಲೆ ಬರೀ ಬಿಳಿಯ ಮಂಜು ಕಂಡರೆ ಟಿಕೆಟ್ಟಿನ ಹಣ ಉಳಿಯಿತೆಂದು ಸಂತೋಷಪಡುವುದು.

ಮಳೆ ಬಂದರೆ? ಬರಲಿ. 1815ರಲ್ಲಿ ಇಂಡೊನೇಷಿಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದು ಎರಚಿದ ಧೂಳು ಹಬೆಗಳು ಬಿಸಿಲನ್ನು ಮರೆಮಾಡಿ, ಮರುವರ್ಷ ಯುರೋಪಿಗೆ ಬೇಸಗೆಯೇ ಬರಲಿಲ್ಲ. ಆ ವರ್ಷ ಜಿನೀವಾ ಸರೋವರದ ಬಳಿ ಕವಿ ಬೈರನ್, ಕವಿ ಷೆಲ್ಲಿ, ಮುಂದೆ ಆತನ ಪತ್ನಿಯಾದ ಮೇರಿ ಮಳೆಗೆ ಸಿಕ್ಕಿ ಮನೆಯೊಳಗೆ ಉಳಿದರು. ಹೊತ್ತು ಕಳೆಯಲು ದೆವ್ವದ ಕಥೆ ಕಟ್ಟೋಣವೆಂದು ಪಂದ್ಯ ಹೂಡಿದರು. ಹದಿನೆಂಟು ವರ್ಷದ ಮೇರಿಯ ಕಲ್ಪನೆಯಲ್ಲಿ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಆ ಮಳೆಯಲ್ಲಿ. ಎಲ್ಲರೂ ಗ್ರಂಥ ಬರೆಯಬೇಕಾಗಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತು ಇಬ್ಬರೂ ತಮ್ಮ ತಮ್ಮ ಬಾಲ್ಯದ ಕಥೆ ಹೇಳಿಕೊಂಡರೆ ಆ ಮಳೆ ಸಾರ್ಥಕವಾಯಿತು. ಹಿರಿಯರು ಕೂಡಿಸಿದ ಮದುವೆಗಳಲ್ಲಿ ಹೇಳಿಕೊಳ್ಳಬೇಕಾದ ಕಥೆಗಳು ಹೆಚ್ಚಾಗಿಯೇ ಇರುತ್ತವೆ.

ಲೂಸರ್ನ್‌ನಿಂದ ಇಟಲಿಯ ಸರೋವರಕ್ಕೆ ನೇರವಾದ ದಾರಿಯೊಂದಿದೆ. ಗೊಟ್ಹಾರ್ಡ್ ಪರ್ವತದ ಬುಡದಲ್ಲಿ 57 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆದು 2016ರಲ್ಲಿ ತೆರೆದಿದ್ದಾರೆ. ಜಗತ್ತಿನ ಅತಿ ಉದ್ದದ ರೈಲು ಸುರಂಗ ಅದು, ಎಂಜಿನಿಯರುಗಳ ಅದ್ಭುತ. ಆದರೆ ಅದರೊಳಗೆ ಸುಮಾರು ಇಪ್ಪತ್ತು ನಿಮಿಷ ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ. ಆಲ್ಪ್ಸ್ ಪರ್ವತಗಳನ್ನು ನೋಡಲು ಹೋಗಿ ಅವುಗಳ ಅಡಿಯಲ್ಲಿ ಕತ್ತಲೆಯಲ್ಲಿ ನುಸುಳಿ ಬಂದಂತಾಗುತ್ತದೆ. ಆಗ ಯಕ್ಷ ಮೋಡಕ್ಕೆ ಹೇಳಿದ ಮಾತು ನೆನಪಾಗುತ್ತದೆ. ಉತ್ತರಕ್ಕೆ ಹೊರಟಿರುವ ನಿನಗೆ ದಾರಿ ಸುತ್ತಾದರೂ ಸರಿಯೆ, ಉಜ್ಜಯಿನಿಯ ಮಹಡಿಗಳನ್ನು ನೋಡದೆ ಹೋಗಬೇಡ ಎಂದು ಆತ ಬೇಡಿಕೊಳ್ಳುತ್ತಾನೆ. ಸಂದೇಶ ಬೇಗ ಮುಟ್ಟಬೇಕೆಂಬ ಆತುರದಲ್ಲಿರುವವನೇ ಸುತ್ತುದಾರಿಯನ್ನು ಹೇಳಿದನಲ್ಲ! ಮಧುಚಂದ್ರಕ್ಕೆ ಹೊರಟವರಿಗೂ ಸುತ್ತುದಾರಿಯೇ ದಾರಿ.

ಆ ಸುತ್ತುದಾರಿ ಹೋಗುವುದು ಕೂರ್ ಎಂಬ ಊರಿನ ಮೇಲೆ. ಅಲ್ಲಿಂದ ಆಲ್ಬುಲಾ ರೈಲುಮಾರ್ಗ 65 ಮೀಟರ್ ಎತ್ತರದ ಬಾಗಿದ ಕಲ್ಲುಸೇತುವೆಯ ಮೇಲೆ ಓಡಿ, ಬಂಡೆಯ ಒಳಗೇ ಸುರುಳಿ ಸುತ್ತುತ್ತ ಮೇಲೇರಿ, ಎಂಗಡೀನ್ ಕಣಿವೆಗೆ ಮುಟ್ಟಿಸುತ್ತದೆ. ಪೊಂಟ್ರೆಸಿನಾ 1,805 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಉಷ್ಣ ಇಳಿಯುತ್ತದೆಂಬ ಲೆಕ್ಕದಲ್ಲಿ, ಲೂಸರ್ನ್‌ನಲ್ಲಿ ಹತ್ತಿಬಟ್ಟೆ ಸಾಕಾದ ದಿನ ಇಲ್ಲಿ ಉಣ್ಣೆ ಬೇಕಾಗುತ್ತದೆ. ಕಾಲಿಗೆ ಹಿಡಿತವುಳ್ಳ ಜೋಡು ಬೇಕು. ಅದನ್ನು ಹೊರಡುವ ಹಿಂದಿನ ದಿನ ಕೊಳ್ಳದೆ, ತಿಂಗಳ ಮೊದಲೇ ಕೊಂಡು ಊರಿನಲ್ಲಿ ನಡೆದು ಪಳಗಿಸಿರಬೇಕು. ಕಾಲಿನ ಬೊಬ್ಬೆ ಎಂಥ ಪ್ರೇಮಿಯನ್ನೂ ಮುಂಗೋಪಿಯನ್ನಾಗಿ ಮಾಡುತ್ತದೆ.

ಈ ಕಣಿವೆಯಲ್ಲಿ ಸಾಲಾಗಿ ಸರೋವರಗಳಿವೆ. ತತ್ತ್ವಜ್ಞಾನಿ ನೀತ್ಸೆ 1881ರಿಂದ 1888ರವರೆಗೆ, ಒಂದು ವರ್ಷ ಬಿಟ್ಟು, ಪ್ರತಿ ಬೇಸಗೆಯಲ್ಲಿಯೂ ಇಲ್ಲಿಯ ಸಿಲ್ಸ್ ಎಂಬ ಹಳ್ಳಿಗೆ ಬಂದು ನಡೆದಾಡುತ್ತಿದ್ದ. ಬೆಳಗಿನಲ್ಲಿ ಈ ನೀರು ಕನ್ನಡಿಯಂತಿರುತ್ತದೆ. ತಿಳಿಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಮಲೋಯಾ ಕಣಿವೆಯ ಕಡೆಯಿಂದ ಗಾಳಿ ಎದ್ದು ಅಲೆಯೆಬ್ಬಿಸುತ್ತದೆ. ಹಿಮವನ್ನು ಹತ್ತಿರದಿಂದ ಕಾಣಬೇಕೆಂಬ ಆಸೆಯಿದ್ದವರು ಪೊಂಟ್ರೆಸಿನಾದ ಮೇಲಿನ ಡಿಯಾವೊಲೆಟ್ಸಾಕ್ಕೆ ತಂತಿಹಾದಿಯಲ್ಲಿ ಏರಬಹುದು. ಸುಮಾರು 3,000 ಮೀಟರಿನ ಆ ಎತ್ತರದಲ್ಲಿ ಎದುರಿಗೇ 4,049 ಮೀಟರಿನ ಬರ್ನಿನಾ ಶಿಖರ ತನ್ನ ಹಿಮನದಿಗಳೊಡನೆ ನಿಂತಿರುತ್ತದೆ. ಅಲ್ಲಿ ಗಾಳಿ ತೆಳು, ಓಡಾಟ ನಿಧಾನವಾಗಿರಲಿ.

ಆದರೆ ಈ ಕಣಿವೆಯಲ್ಲಿ ತಪ್ಪದೆ ಮಾಡಬೇಕಾದ ಕೆಲಸ ಬೇರೊಂದಿದೆ. ಮೊರ್ಟೆರಾಚ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದು ಹಿಮನದಿಯ ಕಡೆಗೆ ನಡೆಯುವುದು. ಕಾಲುದಾರಿಯ ಉದ್ದಕ್ಕೂ ವರ್ಷಗಳನ್ನು ಬರೆದ ಫಲಕಗಳು ನಿಂತಿವೆ: ಈ ವರ್ಷದಲ್ಲಿ ಹಿಮನದಿಯ ಅಂಚು ಇಲ್ಲಿತ್ತು, ಈ ವರ್ಷದಲ್ಲಿ ಇಲ್ಲಿತ್ತು ಎಂದು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಅದು ಸುಮಾರು 3 ಕಿಲೋಮೀಟರ್ ಹಿಂದೆ ಸರಿದಿದೆ. ನಡೆಯುತ್ತ ನಡೆಯುತ್ತ ನಮ್ಮ ಅಜ್ಜನ ಕಾಲ ದಾಟುತ್ತದೆ, ತಂದೆತಾಯಿಗಳ ಕಾಲ ದಾಟುತ್ತದೆ, ನಾವು ಹುಟ್ಟಿದ ಕಾಲ ದಾಟುತ್ತದೆ. ಹಿಮ ಇನ್ನೂ ಮುಂದಿರುತ್ತದೆ. 2022 ಮತ್ತು 2023ರ ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲೊಂದು ಭಾಗವನ್ನು ಕಳೆದುಕೊಂಡವು. ಭೂಮಿಯ ತಾಪ ಏರುತ್ತಿರುವುದೇ ಕಾರಣ. ಸಾವಿರಾರು ಮೈಲಿ ಹಾರಿ ಬರುವ ನಮ್ಮ ವಿಮಾನದ ಹೊಗೆಗೂ ಅದರಲ್ಲಿ ಪಾಲುಂಟು. ಸಂತೋಷದ ಪ್ರವಾಸದಲ್ಲಿ ಈ ಮಾತೇಕೆ ಎನ್ನಬಹುದು. ಮುಂದಿನ ವರ್ಷಗಳನ್ನು ಒಟ್ಟಿಗೆ ಕಳೆಯಲು ಹೊರಟ ಇಬ್ಬರಿಗೆ ಆ ಫಲಕಗಳು ಏನನ್ನೋ ಹೇಳುತ್ತವೆ. ನಮ್ಮ ಮಕ್ಕಳನ್ನು ಇಲ್ಲಿಗೆ ಕರೆತಂದರೆ ಅವರು ಇನ್ನೆಷ್ಟು ದೂರ ನಡೆಯಬೇಕಾದೀತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮತ್ತೆ ಮತ್ತೆ ಹಾರಿ ಹತ್ತು ಜಾಗ ನೋಡುವುದಕ್ಕಿಂತ ಒಂದು ಸಲ ಹೋಗಿ ಹತ್ತು ದಿನ ಇರುವುದಕ್ಕೆ ಇದೂ ಒಂದು ಕಾರಣ.

ಪೊಂಟ್ರೆಸಿನಾದಿಂದ ಬರ್ನಿನಾ ರೈಲು ದಕ್ಷಿಣಕ್ಕೆ ಹೊರಡುತ್ತದೆ. 1910ರಲ್ಲಿ ಪೂರ್ಣಗೊಂಡ ಈ ಮಾರ್ಗ, ಆಲ್ಬುಲಾ ಮಾರ್ಗದೊಡನೆ, 2008ರಿಂದ ವಿಶ್ವ ಪರಂಪರೆಯ ತಾಣ. ಹಲ್ಲುಗಾಲಿಯ ನೆರವಿಲ್ಲದೆ, ಸಾವಿರ ಮೀಟರಿಗೆ 70 ಮೀಟರಿನಷ್ಟು ಕಡಿದಾದ ಏರನ್ನೂ ಹತ್ತಿ, ಈ ರೈಲು 2,253 ಮೀಟರ್ ಎತ್ತರಕ್ಕೆ ಹೋಗುತ್ತದೆ. ಅಲ್ಲಿ ಅಕ್ಕಪಕ್ಕದಲ್ಲಿಯೇ ಎರಡು ಸರೋವರಗಳಿವೆ. ಒಂದಕ್ಕೆ ಕಪ್ಪು ಸರೋವರವೆಂದೂ ಇನ್ನೊಂದಕ್ಕೆ ಬಿಳಿ ಸರೋವರವೆಂದೂ ಹೆಸರು. ಕಪ್ಪು ಸರೋವರದ ನೀರು ಇನ್ ನದಿಗೆ, ಅಲ್ಲಿಂದ ಡಾನ್ಯೂಬಿಗೆ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಸರೋವರದ ನೀರು ದಕ್ಷಿಣಕ್ಕಿಳಿದು ಆದ್ದಾ ನದಿಯನ್ನು ಸೇರುತ್ತದೆ. ಆ ಆದ್ದಾ ನದಿಯೇ ಮುಂದೆ ಕೊಮೊ ಸರೋವರದೊಳಕ್ಕೆ ಹರಿದು, ಹೊರಬಂದು, ಪೊ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಮೊದಲು ನೋಡಿದ ಲೂಸರ್ನ್‌ನ ನೀರಾದರೋ ರೈನ್ ನದಿಯ ಮೂಲಕ ಉತ್ತರ ಸಮುದ್ರದ ಪಾಲು. ಮೂರು ನೆಲೆಗಳು, ಮೂರು ಸಮುದ್ರಗಳಿಗೆ ಹೋಗುವ ನೀರುಗಳು. ಬಿಳಿ ಸರೋವರದಿಂದ ನಾವು ನೀರಿನ ಜೊತೆಯಲ್ಲಿಯೇ ಇಳಿಯುತ್ತೇವೆ. ಬ್ರೂಸಿಯೊ ಎಂಬಲ್ಲಿ ರೈಲು ಬಯಲಿನಲ್ಲಿಯೇ ಒಂದು ಸುತ್ತು ಬಂದು ತಾನು ದಾಟಿದ ಸೇತುವೆಯ ಕಮಾನಿನ ಕೆಳಗೆ ತಾನೇ ನುಸುಳುತ್ತದೆ. ಕೊನೆಗೆ 429 ಮೀಟರಿನ ತಿರಾನೊ. ಎರಡೂವರೆ ಗಂಟೆಯೊಳಗೆ ಹಿಮದ ಸೀಮೆಯಿಂದ ದ್ರಾಕ್ಷಿಯ ಸೀಮೆಗೆ ಬಂದಿರುತ್ತೇವೆ.

ತಿರಾನೊದಿಂದ ವರೆನ್ನಕ್ಕೆ ಇಟಲಿಯ ರೈಲಿನಲ್ಲಿ ಒಂದೂವರೆ ಗಂಟೆಯಷ್ಟು. ಕೊಮೊ ಸರೋವರ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಆಕಾರದಲ್ಲಿದೆ. ಮೂರು ಕವಲು ಕೂಡುವಲ್ಲಿ ಬೆಲ್ಲಾಜಿಯೊ ಎಂಬ ಊರು. ಹಿಂದೆ ಹಿಮನದಿಗಳು ಕೊರೆದ ಈ ಕಣಿವೆಯ ಆಳ 400 ಮೀಟರಿಗೂ ಹೆಚ್ಚು. ನೀರಿನ ಮಟ್ಟವೇ 198 ಮೀಟರಾದ್ದರಿಂದ ಇದರ ತಳ ಸಮುದ್ರಮಟ್ಟಕ್ಕಿಂತ ಬಹು ಕೆಳಗಿದೆ. ಊರಿಂದೂರಿಗೆ ದೋಣಿಗಳು ನಮ್ಮ ಊರಿನ ಬಸ್ಸುಗಳಂತೆ ಓಡಾಡುತ್ತವೆ. ಎದುರು ದಂಡೆಯ ಟ್ರೆಮೆಟ್ಸೊದಲ್ಲಿ ವಿಲ್ಲಾ ಕಾರ್ಲೊಟಾ ಎಂಬ ಸೌಧವಿದೆ. ಪ್ರಷ್ಯದ ರಾಜಕುಮಾರಿ ಷಾರ್ಲಟೆಗೆ 1850ರಲ್ಲಿ ಮದುವೆಯಾದಾಗ ತಾಯಿ ಕೊಟ್ಟ ಉಡುಗೊರೆ ಅದು. ಆಕೆಯ ಹೆಸರೇ ಅದಕ್ಕೆ ನಿಂತಿದೆ. ಐದೇ ವರ್ಷಗಳಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಗಿಡಮರಗಳಲ್ಲಿ ಆಸಕ್ತನಾಗಿದ್ದ ಆಕೆಯ ಗಂಡ ಬೆಳೆಸಿದ ಉದ್ಯಾನ ಇಂದಿಗೂ ಇದೆ. ವಸಂತದಲ್ಲಿ ಅದರ ಅಜೇಲಿಯಾಗಳನ್ನು ನೋಡಲು ಜನ ಬರುತ್ತಾರೆ. ಆ ನೆರಳಿನಲ್ಲಿ ನಡೆಯುವ ಹೊಸ ಜೋಡಿಗೆ ಈ ಸಂಗತಿ ತಿಳಿದಿರಲಿ. ವ್ಯಸನಪಡಲೆಂದಲ್ಲ; ಒಟ್ಟಿಗೆ ಕಳೆಯುವ ಒಂದು ಸಂಜೆ ಎಷ್ಟು ಬೆಲೆಯುಳ್ಳದ್ದೆಂದು ತಿಳಿಯಲೆಂದು.

ಈಗ ವ್ಯವಹಾರದ ಮಾತು. ಸ್ವಿಟ್ಜರ್‌ಲೆಂಡ್ ದುಬಾರಿ ದೇಶ. ಸಾಲ ಮಾಡಿ ಮಧುಚಂದ್ರಕ್ಕೆ ಹೋದವರು ಆ ಚಂದ್ರನ ಕ್ಷಯವನ್ನು ತಿಂಗಳು ತಿಂಗಳೂ ಕಂತಿನ ರೂಪದಲ್ಲಿ ನೋಡಬೇಕಾಗುತ್ತದೆ. ಮೊದಲು ಮೊತ್ತವನ್ನು ಇಬ್ಬರೂ ಕೂಡಿ ಗೊತ್ತುಮಾಡಬೇಕು. ಅದಕ್ಕೆ ಮೀರಿದರೆ ದಿನಗಳನ್ನು ಇಳಿಸಬೇಕು. ರೈಲು ದೋಣಿಗಳಿಗೆಲ್ಲ ನಡೆಯುವ ಪಾಸುಗಳಿವೆ, ಅರ್ಧದರದ ಕಾರ್ಡುಗಳಿವೆ; ಮೂರು ನೆಲೆಗಳಲ್ಲಿ ನಿಂತು ನೋಡುವವರಿಗೆ ಯಾವುದು ಅಗ್ಗವೆಂದು ಕಾಗದದ ಮೇಲೆ ಕೂಡಿ ನೋಡಿಯೇ ಕೊಳ್ಳಬೇಕು. ಬರ್ನಿನಾ ಮಾರ್ಗದಲ್ಲಿ ದೊಡ್ಡ ಗಾಜಿನ ವಿಶೇಷ ರೈಲು ಓಡುತ್ತದೆ, ಅದಕ್ಕೆ ಸ್ಥಳ ಕಾದಿರಿಸಬೇಕು. ಅದೇ ಹಳಿಗಳ ಮೇಲೆ ಸಾಧಾರಣ ರೈಲೂ ಓಡುತ್ತದೆ, ಅದಕ್ಕೆ ಕಾದಿರಿಸುವ ಕೆಲಸವಿಲ್ಲ. ಬೆಟ್ಟ ಇಬ್ಬರಿಗೂ ಒಂದೇ. ಸ್ವಿಸ್ ಊರುಗಳ ಬೀದಿಯ ಕಾರಂಜಿಗಳ ನೀರನ್ನು, ಬೇಡವೆಂದು ಬರೆದಿರದಿದ್ದರೆ, ಧಾರಾಳವಾಗಿ ಕುಡಿಯಬಹುದು. ಸಸ್ಯಾಹಾರಿಗಳಿಗೆ ಆಲೂಗಡ್ಡೆ ತುರಿಯ ರೋಸ್ಟಿ, ರೊಟ್ಟಿ, ಹಣ್ಣುಗಳು ಸಿಗುತ್ತವೆ. ಆದರೆ ಗ್ರುಯೇರ್, ಪಾರ್ಮೆಸಾನ್ ಮೊದಲಾದ ಸಾಂಪ್ರದಾಯಿಕ ಗಿಣ್ಣುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಹಾಕುತ್ತಾರೆ. ಕಟ್ಟುನಿಟ್ಟಾದವರು ಕೇಳಿ ತಿಳಿಯಬೇಕು.

ಕಾಗದಪತ್ರಗಳ ವಿಷಯ. ಸ್ವಿಟ್ಜರ್‌ಲೆಂಡ್, ಇಟಲಿಗಳೆರಡೂ ಷೆಂಗೆನ್ ಒಪ್ಪಂದದೊಳಗಿವೆ. ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ನಮ್ಮ ಯೋಜನೆಯಲ್ಲಿ ಅದು ಸ್ವಿಟ್ಜರ್‌ಲೆಂಡ್. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಕೊಡಬಹುದು. ಹದಿನೈದು ದಿನಗಳೊಳಗೆ ಬಂದರೆ ತಡವಾಯಿತು. ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಬೇಕು. ವಧುವಿನ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇದ್ದರೆ ವಿಮಾನದ ಟಿಕೆಟ್ಟೂ ಆ ಹೆಸರಿನಲ್ಲಿಯೇ ಇರಬೇಕು. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂಬ ಕಾನೂನಿಲ್ಲ. ಬದಲಿಸಬೇಕೇ ಬೇಡವೇ ಎಂಬುದನ್ನು ಟಿಕೆಟ್ಟಿನ ಆತುರದಲ್ಲಿ ಬೇರೆಯವರು ತೀರ್ಮಾನಿಸದೆ, ಹೆಸರುಳ್ಳವಳೇ ತೀರ್ಮಾನಿಸುವುದು ಉಚಿತ.

ಕೊನೆಯದಾಗಿ ಇನ್ನೊಂದು ಸೂಚನೆ. ಟಿಕೆಟ್ಟು ಕೊಳ್ಳುವ ಮೊದಲು ಇಬ್ಬರೂ ಬೇರೆ ಬೇರೆ ಕುಳಿತು, ಒಂದೊಂದು ಚೀಟಿಯಲ್ಲಿ ತಮಗೆ ಬೇಕಾದ ಮೂರು ಸಂಗತಿಗಳನ್ನೂ ಬೇಡವಾದ ಒಂದನ್ನೂ ಬರೆದು, ಚೀಟಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ನಮ್ಮಲ್ಲಿ ಹೊಸ ಹೆಂಡತಿಯನ್ನು ‘ನಿನಗೇನು ಬೇಕು?’ ಎಂದು ಕೇಳಿದರೆ ‘ನಿಮ್ಮಿಷ್ಟ’ ಎಂಬ ಉತ್ತರ ಬರುವುದುಂಟು. ಅದು ಉತ್ತರವಲ್ಲ, ವಿನಯ. ಆಕೆಗೆ ಎತ್ತರವೆಂದರೆ ಭಯವಿರಬಹುದು. ಆತನಿಗೆ ನೀರೆಂದರೆ ಭಯವಿರಬಹುದು. ಒಬ್ಬರಿಗೆ ಬೆಳಗ್ಗೆ ತಡವಾಗಿ ಏಳುವ ಆಸೆ, ಇನ್ನೊಬ್ಬರಿಗೆ ಸೂರ್ಯೋದಯದ ಹಟ. ಬಾಯಲ್ಲಿ ಹೇಳಲು ಸಂಕೋಚವಾದದ್ದು ಚೀಟಿಯಲ್ಲಿ ಬರುತ್ತದೆ. ಎರಡು ಚೀಟಿಗಳನ್ನು ಮುಂದಿಟ್ಟುಕೊಂಡು, ಒಬ್ಬರ ಒಂದನ್ನು ಬಿಟ್ಟು ಇನ್ನೊಬ್ಬರ ಒಂದನ್ನು ಸೇರಿಸಿ ಮಾಡಿದ ಯೋಜನೆ ಯಾವ ಸಂಸ್ಥೆಯೂ ಮಾರಲಾರದಂಥದು.

ಆ ಯೋಜನೆಯಲ್ಲಿ ಖಾಲಿ ಜಾಗವೂ ಇರಲಿ. ಬರ್ನಿನಾ ಮಾರ್ಗದ ಕೆಲವು ನಿಲ್ದಾಣಗಳಲ್ಲಿ ಯಾರಾದರೂ ಗುಂಡಿ ಒತ್ತಿದರೆ ಮಾತ್ರ ಸಾಧಾರಣ ರೈಲು ನಿಲ್ಲುತ್ತದೆ. ಹೊರಗೆ ಹುಲ್ಲು, ತೊರೆ, ಒಂದು ಬೆಂಚು ಕಾಣುತ್ತದೆ. ಇಬ್ಬರಲ್ಲಿ ಒಬ್ಬರು ‘ಇಲ್ಲಿ ಇಳಿಯೋಣವೇ?’ ಎಂದು ಕೇಳಿದಾಗ, ಇನ್ನೊಬ್ಬರು ಗಡಿಯಾರ ನೋಡದೆ ಗುಂಡಿಯನ್ನು ಒತ್ತುವಷ್ಟು ಬಿಡುವು ಅವರಿಗಿರಬೇಕು.